ಮೈಸೂರು ಲ್ಯಾನ್ಸರ್ಸ್ ಪದಕ: ಅಂಚಿನ ಅಕ್ಷರ ಓದುವುದು ಹೇಗೆ? ತೊಳೆಯಬಹುದಾ?

ತಗಡಿನ_ಟ್ರಂಕು:
ಹಳೇ ಟ್ರಂಕೊಂದರಲ್ಲಿ ಸಿಕ್ಕಿರುವ ನಾಲ್ಕು ಪದಕಗಳ ಬಗ್ಗೆ ಬಲ್ಲವರು ದಯವಿಟ್ಟು ತಿಳಿಸಿ.

ಒಂದನೆಯದು ಬೆಳ್ಳಿಯಂತಿದೆ, ಈಗ ಪೂರ್ತಿ ಕಪ್ಪು. ಒಂದು ಬದಿ ರಾಜನ ತಲೆ, ಇನ್ನೊಂದು ಬದಿ ಕುದುರೆ ಮೇಲೆ ಬರಿಮೈಯ ಮನುಷ್ಯ, ಜೊತೆಗೆ 1914 ಮತ್ತು 1918. ಎರಡನೆಯದು ಕಂಚಿನ ಬಣ್ಣದ್ದು, ರೆಕ್ಕೆ ಇರುವ ಹೆಂಗಸಿನ ಚಿತ್ರ, ಕಾಮನಬಿಲ್ಲಿನ ಬಣ್ಣದ ರಿಬ್ಬನ್ ತುಂಡೊಂದು ಇನ್ನೂ ಅಂಟಿಕೊಂಡಿದೆ. ಈ ಎರಡರ ಅಂಚಿನಲ್ಲೂ ಸಣ್ಣ ಇಂಗ್ಲಿಷ್ ಅಕ್ಷರಗಳಿವೆ. ಒಂದು ಸಂಖ್ಯೆ, ಹೆಸರು, ಆಮೇಲೆ "ಮೈಸೂರು ಐ.ಎಸ್." ಎಂಬಲ್ಲಿಯವರೆಗೆ ಓದಲು ಬರುತ್ತದೆ. ಮುಂದಿನದು ಕೊಳೆಯಲ್ಲಿ ಮುಚ್ಚಿಹೋಗಿದೆ.

ಮೂರನೆಯದು ಆರು ಮೂಲೆಯ ನಕ್ಷತ್ರ, ನಡುವೆ "ಬರ್ಮಾ ಸ್ಟಾರ್" ಎಂದಿದೆ. ಅದರ ಸಂದಿಗಳಲ್ಲಿ ತಿಳಿಹಸಿರು ಪುಡಿ ಕೂತಿದೆ. ನಾಲ್ಕನೆಯದರಲ್ಲಿ ಸಿಂಹವೊಂದು ಯಾವುದೋ ಪ್ರಾಣಿಯ ಮೇಲೆ ನಿಂತಿದೆ. ಇಷ್ಟೂ ಪದಕಗಳು ನಾಣ್ಯ ಹಾಕಿಡುವ ಪ್ಲಾಸ್ಟಿಕ್ ಆಲ್ಬಮ್ಮಿನಲ್ಲಿದ್ದವು, ಮುಟ್ಟಿದರೆ ಸ್ವಲ್ಪ ಅಂಟಂಟು.

ಕೇಳಬೇಕಾದ್ದು: ಇವು ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಮೊದಲ ಮಹಾಯುದ್ಧದಲ್ಲಿ ಕಾದಿದ ಹೈಫಾ (ಇಂದಿನ ಇಸ್ರೇಲಿನ ಊರು) ಯುದ್ಧದ ಪದಕಗಳೇ? ಅಸಲಿಯೇ? ಮನೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ ಅನ್ನುತ್ತದೆ ಎನ್ನುತ್ತಿದ್ದಾರೆ, ಮಾಡಬಹುದೇ? ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕುವ ಯೋಚನೆಯೂ ಇದೆ. ಅಮೆರಿಕದಲ್ಲಿರುವ ಸಂಬಂಧಿಕರೊಬ್ಬರು ಒಂದನ್ನು ತಮಗೆ ಕಳಿಸಿ ಎಂದು ಕೇಳುತ್ತಿದ್ದಾರೆ.

ಅಂಚಿನಕ್ಷರ:
ಮೊದಲು ಹುಣಸೆಹಣ್ಣನ್ನು ಅಡುಗೆಮನೆಗೇ ವಾಪಸ್ ಕಳಿಸಿ. ಅದರ ವಿಚಾರ ಲ್ಯಾಬ್_ಕೋಟು ಬಂದು ಹೇಳುತ್ತಾರೆ. ನಾನು ಗುರುತಿಸುವ ಕೆಲಸ ಮಾಡುತ್ತೇನೆ.

ಒಂದನೆಯದು ಬ್ರಿಟಿಷ್ ವಾರ್ ಮೆಡಲ್. 36 ಮಿ.ಮೀ. ಅಗಲ, ಸ್ಟರ್ಲಿಂಗ್ ಬೆಳ್ಳಿ. ರಾಜ 5ನೇ ಜಾರ್ಜ್. ಎರಡನೆಯದು ವಿಕ್ಟರಿ ಮೆಡಲ್, ಅದೂ 36 ಮಿ.ಮೀ., ಕಂಚು, ಮೇಲೆ ತೆಳುವಾದ ಲ್ಯಾಕರ್ (ವಾರ್ನಿಶ್‌ನಂಥ) ಲೇಪ. ಎರಡನ್ನೂ ಘೋಷಿಸಿದ್ದು 1919ರಲ್ಲಿ. ಮೂರು, ನಾಲ್ಕು ಎರಡನೇ ಮಹಾಯುದ್ಧದವು: ಬರ್ಮಾ ಸ್ಟಾರ್ ಮತ್ತು ವಾರ್ ಮೆಡಲ್ 1939–45. ಸಿಂಹದ ಕಾಲಡಿಯಲ್ಲಿರುವುದು ಎರಡು ತಲೆಯ ಡ್ರ್ಯಾಗನ್. ಇದು ಬೆಳ್ಳಿಯಲ್ಲ, ತಾಮ್ರ–ನಿಕಲ್ ಮಿಶ್ರಲೋಹ. ಅಂದರೆ ಈ ಟ್ರಂಕಿನಲ್ಲಿ ಎರಡು ತಲೆಮಾರಿನ ಇಬ್ಬರ ಪದಕ ಬೆರೆತಿರುವ ಸಾಧ್ಯತೆಯೇ ಹೆಚ್ಚು. ಈಗಲೇ ಎರಡು ಬೇರೆ ಪೊಟ್ಟಣ ಮಾಡಿ, ಚೀಟಿ ಇಡಿ. ಒಂದೇ ಫ್ರೇಮಿಗೆ ಹಾಕಿಸಿಬಿಟ್ಟರೆ ಮುಂದಿನವರು ನಾಲ್ಕೂ ಒಬ್ಬನದೇ ಅಂದುಕೊಳ್ಳುತ್ತಾರೆ.

ಈಗ ಮುಖ್ಯ ಪ್ರಶ್ನೆ, ಅಂಚು. "ಐ.ಎಸ್." ಅಂದರೆ ಇಂಪೀರಿಯಲ್ ಸರ್ವಿಸ್. ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ, ಯುದ್ಧ ಬಂದಾಗ ಬ್ರಿಟಿಷರ ನೆರವಿಗೆ ಕಳಿಸುತ್ತಿದ್ದ ಪಡೆಗಳಿಗೆ ಆ ಹೆಸರು. ಆದರೆ ಅಷ್ಟಕ್ಕೇ "ಲ್ಯಾನ್ಸರ್ಸ್" ಎಂದು ತೀರ್ಮಾನಿಸಬೇಡಿ. ಮೈಸೂರು ಸಂಸ್ಥಾನಕ್ಕೆ ಅಶ್ವದಳದ ಜೊತೆ ಸಾಗಣೆ ದಳವೂ ಇತ್ತು, ಅದೂ ಇಂಪೀರಿಯಲ್ ಸರ್ವಿಸ್ಸೇ. ಕೊಳೆಯ ಕೆಳಗಿನ ಮೊದಲ ಅಕ್ಷರ ಎಲ್ ಇದ್ದರೆ ಲ್ಯಾನ್ಸರ್ಸ್, ಟಿ ಇದ್ದರೆ ಟ್ರಾನ್ಸ್‌ಪೋರ್ಟ್. ನಿಮ್ಮ ಇಡೀ ಪ್ರಶ್ನೆ ಆ ಒಂದು ಅಕ್ಷರದ ಮೇಲೆ ನಿಂತಿದೆ.

ಓದಲು ತೊಳೆಯಬೇಕಿಲ್ಲ. ಕೋಣೆ ಕತ್ತಲೆ ಮಾಡಿ. ಎರಡು ದಪ್ಪ ಪುಸ್ತಕಗಳ ನಡುವೆ ಮೆತ್ತನೆ ಬಟ್ಟೆ ಹಾಕಿ, ಪದಕವನ್ನು ಅಂಚು ಮೇಲೆ ಬರುವಂತೆ ನಿಲ್ಲಿಸಿ. ಟಾರ್ಚನ್ನು ಅಂಚಿನ ಮಟ್ಟಕ್ಕೇ ಇಳಿಸಿ, ಪಕ್ಕದಿಂದ ಓರೆಯಾಗಿ ಬೆಳಕು ಹಾಯಿಸಿ. ಮೇಲಿನಿಂದ ಹಾಕಿದರೆ ಏನೂ ಕಾಣುವುದಿಲ್ಲ, ಓರೆ ಬೆಳಕಿನಲ್ಲಿ ಒತ್ತಿದ ಅಕ್ಷರಗಳ ನೆರಳು ಎದ್ದು ನಿಲ್ಲುತ್ತದೆ. ಫೋನಿನ ಮ್ಯಾಕ್ರೋದಲ್ಲಿ ಆರು ತುಂಡಾಗಿ ಫೋಟೊ ತೆಗೆಯಿರಿ, ಪ್ರತಿ ಫೋಟೊದಲ್ಲಿ ಹಿಂದಿನದರ ಎರಡು ಅಕ್ಷರ ಮತ್ತೆ ಬರಲಿ. ಬೆಳಕಿನ ದಿಕ್ಕು ಬದಲಿಸಿ ಇನ್ನೊಂದು ಸುತ್ತು ತೆಗೆಯಿರಿ. ಹೆಚ್ಚಿನ ಸಲ ಎಡದ ಬೆಳಕಿನಲ್ಲಿ ಕಾಣದ ಅಕ್ಷರ ಬಲದ ಬೆಳಕಿನಲ್ಲಿ ಕಾಣುತ್ತದೆ.

ಹೆಸರಿನ ಮುಂದಿನ ಹುದ್ದೆಯನ್ನೂ ನೋಡಿ. ಅಶ್ವದಳದಲ್ಲಿ ಸಿಪಾಯಿಗೆ ಸವಾರ, ಹವಾಲ್ದಾರನ ಬದಲು ದಫೇದಾರ, ಸುಬೇದಾರನ ಬದಲು ರಿಸಾಲ್ದಾರ. (ಡಿ.ಸಿ. ಕಚೇರಿಯ ಬಾಗಿಲಲ್ಲಿ ಕೂರುವ ದಫೇದಾರನ ಹೆಸರು ಬಂದಿದ್ದೂ ಅಲ್ಲಿಂದಲೇ.) ಸೈಸ್ ಎಂದಿದ್ದರೆ ಕುದುರೆ ನೋಡಿಕೊಳ್ಳುವವನು. ಅಂಥವರಿಗೂ ಪದಕ ಕೊಟ್ಟಿದ್ದಾರೆ. ಹಾಗೆಯೇ ಕೂಲಿ ದಳ, ಹೊರೆಯಾಳುಗಳ ದಳದವರಿಗೆ ಬ್ರಿಟಿಷ್ ವಾರ್ ಮೆಡಲನ್ನೇ ಕಂಚಿನಲ್ಲಿ ಕೊಟ್ಟದ್ದುಂಟು. ಕಂಚಿನದು ಕಂಡರೆ ನಕಲಿ ಎಂದು ಎಸೆಯಬೇಡಿ, ಅದು ಬೆಳ್ಳಿಯದಕ್ಕಿಂತ ಅಪರೂಪ.

ಇನ್ನು ಹೈಫಾ. ಮೈಸೂರು ಲ್ಯಾನ್ಸರ್ಸ್ ಇದ್ದದ್ದು ಜೋಧಪುರ, ಹೈದರಾಬಾದ್ ಲ್ಯಾನ್ಸರ್ಸ್ ಜೊತೆ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನಲ್ಲಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರಿಗೆ ನುಗ್ಗಿದ್ದು ಮುಖ್ಯವಾಗಿ ಜೋಧಪುರದವರು, ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡೆಯ ತೋಪುಗಳ ಮೇಲೆ ಬಿದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳವು. ಆದರೆ ಹೈಫಾಕ್ಕೆಂದೇ ಪ್ರತ್ಯೇಕ ಪದಕ ಇಲ್ಲ. ಬ್ರಿಟಿಷ್ ವಾರ್ ಮೆಡಲಿನ ರಿಬ್ಬನ್ ಮೇಲೆ ಯುದ್ಧದ ಹೆಸರಿನ ಪಟ್ಟಿ ಹಾಕುವ ಪದ್ಧತಿಯೂ ಇರಲಿಲ್ಲ. ಅಂಚಿನಲ್ಲಿ ದಳದ ಹೆಸರಿದ್ದರೆ ಆ ಮನುಷ್ಯ ಆ ದಳದಲ್ಲಿದ್ದ ಎಂದಷ್ಟೇ ಸಾಬೀತು. ಆ ದಿನ ಆತ ಕುದುರೆ ಮೇಲಿದ್ದನೋ, ಆಸ್ಪತ್ರೆಯಲ್ಲಿದ್ದನೋ, ಹಿಂದಿನ ಡಿಪೋದಲ್ಲಿದ್ದನೋ ಪದಕ ಹೇಳುವುದಿಲ್ಲ. "ಹೈಫಾ ಪದಕ" ಎಂದು ಹೆಸರಿಟ್ಟು ಎರಡು ಪಟ್ಟು ಬೆಲೆ ಹೇಳುವವರಿಗೆ ಇಷ್ಟು ಹೇಳಿದರೆ ಸಾಕು.

ಇನ್ನೊಂದು. ಲ್ಯಾನ್ಸರ್ಸ್ ಈಜಿಪ್ಟ್ ತಲುಪಿದ್ದು 1914ರ ಕೊನೆಯಲ್ಲಿ. ಮೊದಲಿನಿಂದಲೇ ಹೋದವರಿಗೆ 1914–15 ಸ್ಟಾರ್ ಎಂಬ ಕಂಚಿನ ನಕ್ಷತ್ರವೂ ಸಲ್ಲುತ್ತಿತ್ತು. ಆ ನಕ್ಷತ್ರ ಪಡೆದವರಿಗೆ ಉಳಿದೆರಡೂ ಬರಲೇಬೇಕು, ವಿಕ್ಟರಿ ಮೆಡಲ್ ಪಡೆದವರಿಗೆ ಬ್ರಿಟಿಷ್ ವಾರ್ ಮೆಡಲ್ ಬರಲೇಬೇಕು. ಉಲ್ಟಾ ಹಾಗಲ್ಲ. ಹಾಗಾಗಿ ನಿಮ್ಮ ಜೋಡಿ ಪೂರ್ತಿ ಸೆಟ್ ಇರಬಹುದು, ಅಥವಾ ಒಂದು ನಕ್ಷತ್ರ ಕಳೆದಿರಬಹುದು. ಟ್ರಂಕಿನ ತಳದ ಕಾಗದ ಎತ್ತಿ ನೋಡಿ.

ಲ್ಯಾಬ್_ಕೋಟು:
ಹುಣಸೆಹಣ್ಣು, ನಿಂಬೆ, ವಿಭೂತಿ, ಟೂತ್‌ಪೇಸ್ಟ್, ಪೂಜೆ ಪಾತ್ರೆ ತಿಕ್ಕುವ ಪುಡಿ, ಹಿತ್ತಾಳೆ ಪಾಲಿಶ್ ಯಾವುದೂ ಬೇಡ. ಕಾರಣ ಒಂದೊಂದಕ್ಕೂ ಬೇರೆ.

ಹುಣಸೆ ಮತ್ತು ನಿಂಬೆಯ ಆಮ್ಲ ಮೇಲಿನ ಪೊರೆಯನ್ನು ಕರಗಿಸುತ್ತದೆ. ಮನೆಯಲ್ಲಿ ಅದರ ಜೊತೆ ಉಪ್ಪನ್ನೂ ಹಾಕುತ್ತಾರೆ, ಅಪಾಯ ಇರುವುದು ಅಲ್ಲಿಯೇ. ಉಪ್ಪಿನ ಕ್ಲೋರೈಡ್ ತಾಮ್ರದ ಜೊತೆ ಸೇರಿ ಕ್ಯುಪ್ರಸ್ ಕ್ಲೋರೈಡ್ ಆಗುತ್ತದೆ, ಲೋಹದ ಸೂಕ್ಷ್ಮ ರಂಧ್ರಗಳಲ್ಲಿ ಉಳಿಯುತ್ತದೆ. ಮಳೆಗಾಲದ ತೇವ ಬಿದ್ದಾಗ ಅದು ಒಡೆದು ತಿಳಿಹಸಿರು ಪುಡಿಯಾಗುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಮಾಡುತ್ತದೆ. ತಾನೇ ತನ್ನನ್ನು ಸಾಕಿಕೊಳ್ಳುವ ಈ ರೋಗಕ್ಕೆ ಕಂಚಿನ ರೋಗ ಎನ್ನುತ್ತಾರೆ. ಪಂಚಪಾತ್ರೆಯನ್ನು ವಾರಕ್ಕೊಮ್ಮೆ ತಿಕ್ಕುತ್ತೀರಿ, ಅದರಲ್ಲಿ ಗೊತ್ತಾಗುವುದಿಲ್ಲ. ತಿಕ್ಕಿ ಪೆಟ್ಟಿಗೆಯೊಳಗೆ ಇಟ್ಟ ಪದಕದಲ್ಲಿ ಮುಂದಿನ ಶ್ರಾವಣಕ್ಕೇ ಗೊತ್ತಾಗುತ್ತದೆ. ಪುಡಿಗಳದ್ದು ಬೇರೆ ಕೇಸು: ಉಜ್ಜಿದಷ್ಟೂ ಎತ್ತರದ ಭಾಗಗಳು ಸವೆಯುತ್ತವೆ. ರಾಜನ ಕಿವಿ, ಕುದುರೆಯ ತೊಡೆ, ಅಂಚಿನ ಅಕ್ಷರ, ಇವೇ ಮೊದಲು ಹೋಗುವುದು. ವಿಕ್ಟರಿ ಮೆಡಲಿನ ಲ್ಯಾಕರ್ ಒಮ್ಮೆ ಕಿತ್ತರೆ ಆ ಬಣ್ಣ ಮತ್ತೆ ಬರುವುದಿಲ್ಲ.

ನಿಮ್ಮ ವಿಷಯದಲ್ಲಿ ತುರ್ತಾಗಿ ಬಿಡಿಸಬೇಕಾದ್ದು ಆ ಆಲ್ಬಮ್ಮಿನಿಂದ. ಅಂಟಂಟು ಅಂದಿರಲ್ಲ, ಅದು ಪಿವಿಸಿ ಪ್ಲಾಸ್ಟಿಕ್. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಹೊರಗೆ ಜಿನುಗುತ್ತದೆ, ಪಿವಿಸಿ ಹಳತಾದಂತೆ ಕ್ಲೋರಿನ್ನಿನ ಆಮ್ಲವನ್ನೂ ಬಿಡುತ್ತದೆ. ಅಂಟು ಇರುವವರೆಗೆ ಕಿಲುಬು ನಿಲ್ಲುವುದಿಲ್ಲ.

ತೆಗೆಯುವ ಕ್ರಮ: ಮೊದಲು ರಿಬ್ಬನ್ ಬಿಡಿಸಿ. ಹೊಲಿಗೆ ಇದ್ದರೆ ದಾರವನ್ನಷ್ಟೇ ಕತ್ತರಿಸಿ, ದಾರವನ್ನೂ ಎತ್ತಿಡಿ. ನೈಟ್ರೈಲ್ ಕೈಗವಸು ಹಾಕಿ. ಲೇಟೆಕ್ಸ್ ಬೇಡ, ಅದರ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಬೆಳ್ಳಿಯ ಪದಕ, ಸಿಂಹದ ಪದಕ ಎರಡಕ್ಕೂ ಶುದ್ಧ ಅಸಿಟೋನ್ ಸರಿ. ಉಗುರುಬಣ್ಣ ತೆಗೆಯುವ ಬಾಟಲಿ ಆಗುವುದಿಲ್ಲ, ಅದರಲ್ಲಿ ಎಣ್ಣೆ, ಬಣ್ಣ, ಸುವಾಸನೆ ಸೇರಿರುತ್ತವೆ. ಗಾಜಿನ ಬಟ್ಟಲಲ್ಲಿ ಪದಕ ಮುಳುಗುವಷ್ಟು ಹಾಕಿ, ಹತ್ತು ನಿಮಿಷ ಬಿಟ್ಟು ತೆಗೆದು, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ. ಉಜ್ಜಬೇಡಿ, ಹತ್ತಿಕಡ್ಡಿಯನ್ನು ಮೇಲೆ ಉರುಳಿಸಿ ಸಾಕು. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ, ಊದುಬತ್ತಿ ಇರಬಾರದು. ವಿಕ್ಟರಿ ಮೆಡಲನ್ನು ಅಸಿಟೋನಿಗೆ ಹಾಕಬೇಡಿ, ಲ್ಯಾಕರ್ ಕರಗುತ್ತದೆ. ಅದಕ್ಕೆ ಒಣ ಮೆದು ಬ್ರಷ್, ತೀರಾ ಅಂಟಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಹತ್ತಿಕಡ್ಡಿ, ಕೂಡಲೇ ಒಣಗಿಸುವುದು.

ನಕ್ಷತ್ರದ ಹಸಿರು ಪುಡಿಗೆ ಮೊದಲು ಪರೀಕ್ಷೆ. ಹಸಿರೆಲ್ಲ ರೋಗವಲ್ಲ. ಗಟ್ಟಿಯಾಗಿ ಅಂಟಿರುವ ಗಾಢ ಹಸಿರು ಅಥವಾ ಮೇಣದಂಥ ಹಸಿರಾದರೆ ಸಾಧಾರಣ ಕಿಲುಬು. ಬಿದಿರಿನ ಹಲ್ಲುಕಡ್ಡಿಯಿಂದ ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ, ಅದರಡಿ ಸಣ್ಣ ಗುಳಿ ಇದ್ದರೆ ಅನುಮಾನ. ಪುಡಿಯನ್ನು ಬ್ರಷ್ಷಿನಲ್ಲಿ ತೆಗೆದು, ಸ್ಥಳದ ಫೋಟೊ ತೆಗೆದು, ಪದಕವನ್ನು ಒದ್ದೆ ಹತ್ತಿಯ ಜೊತೆ (ತಗಲದಂತೆ) ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಡಿ. ಅದೇ ಗುಳಿಯಲ್ಲಿ ಹೊಸ ಪುಡಿ ಬಂದರೆ ರೋಗ ಜೀವಂತ. ಹಾಗಾದರೆ ಮನೆಮದ್ದು ನಿಲ್ಲಿಸಿ. ಅದಕ್ಕೆ ಬಳಸುವ ಬೆಂಜೋಟ್ರಯಜೋಲ್ ವಿಷಕಾರಿ, ಅಡುಗೆಮನೆಯ ರಾಸಾಯನಿಕ ಅಲ್ಲ. ನೀವು ಮೈಸೂರಿನವರಾದರೆ ಅಲ್ಲೇ ಎನ್‌ಆರ್‌ಎಲ್‌ಸಿಯ (ಹಳೆಯ ಕಲಾವಸ್ತು ಕಾಪಾಡುವ ಕೇಂದ್ರ ಸರ್ಕಾರದ ಸಂಸ್ಥೆ) ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ, ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ. ತೋರಿಸಿ.

ಬೆಳ್ಳಿಯ ಕಪ್ಪನ್ನು ಹಾಗೇ ಬಿಡಿ. ಅದು ಬೆಳ್ಳಿ ಸಲ್ಫೈಡ್, ಒಳಗಿನ ಲೋಹಕ್ಕೆ ಹೊದಿಕೆಯಂತೆ ಕೂತಿದೆ, ತಿನ್ನುತ್ತಿಲ್ಲ.

ಚಿನಿವಾರ_ಬೀದಿ:
ಒಂದು ಅನುಮಾನ. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡ, ಬಿಸಿನೀರಿನ ವಿಧಾನದಲ್ಲಿ ಬೆಳ್ಳಿ ಕರಗುವುದೇ ಇಲ್ಲ, ಸಲ್ಫೈಡೇ ವಾಪಸ್ ಬೆಳ್ಳಿಯಾಗುತ್ತದೆ. ಉಜ್ಜುವುದೂ ಇಲ್ಲ. ಅದನ್ನಾದರೂ ಮಾಡಬಹುದಲ್ಲವೇ?

ಲ್ಯಾಬ್_ಕೋಟು:
ಚಮಚಕ್ಕೆ ಸರಿ. ಪದಕಕ್ಕೆ ಮೂರು ತೊಂದರೆ. ವಾಪಸ್ ಬಂದ ಬೆಳ್ಳಿ ಮೊದಲಿನ ನುಣುಪಿನಲ್ಲಿ ಕೂರುವುದಿಲ್ಲ, ಬಿಳಿಚಿಕೊಂಡ ಮಂಕು ಮೇಲ್ಮೈ ಆಗುತ್ತದೆ, ಅದು ಮೊದಲಿಗಿಂತ ಬೇಗ ಕಪ್ಪಾಗುತ್ತದೆ. ತಗ್ಗುಗಳಲ್ಲಿರುವ ಕಪ್ಪೂ ಹೋಗುವುದರಿಂದ ಚಿತ್ರದ ಆಳ ಸಪ್ಪೆಯಾಗುತ್ತದೆ. ಮೂರನೆಯದು, ಮೇಲಿನ ಕೊಂಡಿಯನ್ನು ಬೆಸುಗೆ ಹಾಕಿರುವ ಜಾಗದ ಸಂದಿಗೆ ಸೋಡಾ ನೀರು ಇಳಿದರೆ ಪೂರ್ತಿ ತೊಳೆದು ತೆಗೆಯುವುದು ಕಷ್ಟ, ಆಮೇಲೆ ಅಲ್ಲಿ ಬಿಳಿ ಉಪ್ಪು ಹೂತುಕೊಳ್ಳುತ್ತದೆ. ಚಿನಿವಾರರ ಅಂಗಡಿಯ ಡಿಪ್ ದ್ರಾವಣ ಇದಕ್ಕಿಂತ ಕೆಟ್ಟದ್ದು, ಅದರಲ್ಲಿ ಆಮ್ಲ ಇರುತ್ತದೆ.

ಮಲೆನಾಡ_ಕಪಾಟು:
ಇಡುವುದರ ಬಗ್ಗೆ ಯಾರೂ ಹೇಳಿಲ್ಲ, ನಿಜವಾದ ನಷ್ಟ ಆಗುವುದು ಅಲ್ಲೇ. ಮಳೆಗಾಲದಲ್ಲಿ ನಮ್ಮ ಕಡೆ ಮನೆಯೊಳಗಿನ ತೇವಾಂಶ ಶೇ. 90 ಮುಟ್ಟುತ್ತದೆ. ಕಂಚಿಗೆ ಶೇ. 42 ದಾಟಿದರೆ ಕ್ಲೋರೈಡ್ ಕೆಲಸ ಶುರು. ಮೈಸೂರು ಇಷ್ಟು ಕೆಟ್ಟದ್ದಲ್ಲ, ಆದರೂ ಜೂನ್‌ನಿಂದ ಅಕ್ಟೋಬರ್‌ವರೆಗೆ ನಂಬಬೇಡಿ.

ಗಾಳಿಯಾಡದ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿ ತೆಗೆದುಕೊಳ್ಳಿ. ತಳದಲ್ಲಿ ತ್ರಿಕೋನದೊಳಗೆ 5 ಎಂದಿರುತ್ತದೆ. 3 ಎಂದಿದ್ದರೆ ಪಿವಿಸಿ, ಬೇಡ. ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಅಳತೆ: ಲೀಟರಿಗೆ 20 ಗ್ರಾಂ. 5 ಲೀಟರ್ ಡಬ್ಬಿಗೆ 100 ಗ್ರಾಂ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಎರಡು ಗ್ರಾಂ ಪೊಟ್ಟಣ ನಾಲ್ಕು ಹಾಕಿ "ಜೆಲ್ ಹಾಕಿದ್ದೆ, ಆದರೂ ಕಿಲುಬು ಬಂತು" ಎನ್ನುವವರೇ ಜಾಸ್ತಿ. ಕಿತ್ತಳೆ ಬಣ್ಣದ ಜೆಲ್ ತನ್ನಿ, ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಬೇಡವೇ ಬೇಡ. ಬಣ್ಣ ಬದಲಾದ ಮೇಲೆ ತಟ್ಟೆಯಲ್ಲಿ ಒಂದೇ ಪದರ ಹರಡಿ, ಓವನ್‌ನಲ್ಲಿ 110ರಿಂದ 120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಸಿದ್ಧ. ಅದಕ್ಕಿಂತ ಜಾಸ್ತಿ ಕಾಯಿಸಿದರೆ ಬಣ್ಣ ಸುಟ್ಟುಹೋಗಿ ಒದ್ದೆ ಯಾವುದು ಒಣ ಯಾವುದು ತಿಳಿಯುವುದಿಲ್ಲ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಬೇಡಿ, ಮುಚ್ಚಿದ ಗಾಜಿನ ಜಾಡಿಯಲ್ಲಿ ಆರಿಸಿ.

ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಒಳಗೆ ಇಡಿ. ಅಗ್ಗದವು ಐದಾರು ಅಂಕ ತಪ್ಪು ತೋರಿಸುತ್ತವೆ, ಆದ್ದರಿಂದ ಮೊದಲು ಉಪ್ಪಿನ ಪರೀಕ್ಷೆ ಮಾಡಿ: ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ಒದ್ದೆ ಮರಳಿನ ಹದ ಬರುವಷ್ಟು ಮಾತ್ರ ನೀರು ಹನಿಸಿ, ಮೀಟರಿನ ಜೊತೆ ಜಿಪ್ ಚೀಲದಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ 75 ತೋರಿಸಬೇಕು. 79 ತೋರಿಸಿದರೆ ಇನ್ನು ಮುಂದೆ ನಾಲ್ಕು ಕಳೆದು ಓದಿ. ಉಪ್ಪು ಪೂರ್ತಿ ಕರಗಿ ನೀರಾಗಿದ್ದರೆ ಪರೀಕ್ಷೆ ಕೆಟ್ಟಿತು, ಮತ್ತೆ ಮಾಡಿ. (ಪದಕದ ಡಬ್ಬಿಯೊಳಗೆ ಈ ಪರೀಕ್ಷೆ ಮಾಡಬೇಡಿ, ಹೇಳಬೇಕಾಗಿಲ್ಲ, ಆದರೂ ಹೇಳಿದೆ.)

ಒಂದೊಂದು ಪದಕಕ್ಕೂ ಬೇರೆ ಪಾಲಿಥೀನ್ ಜಿಪ್ ಚೀಲ, ಆಮ್ಲರಹಿತ ಟಿಶ್ಯೂ ಕಾಗದ. ದಿನಪತ್ರಿಕೆ, ರಬ್ಬರ್ ಬ್ಯಾಂಡ್, ಉಣ್ಣೆಯ ಫೆಲ್ಟ್, ನುಸಿಗುಳಿಗೆ ದೂರ. ಅಜ್ಜಿ ಕಾಲದ ಮರದ ಪೆಟ್ಟಿಗೆ ನೋಡಲು ಚೆಂದ, ಆದರೆ ಮರ ಬಿಡುವ ಅಸಿಟಿಕ್ ಆಮ್ಲದ ಆವಿ ಮುಚ್ಚಿದ ಜಾಗದಲ್ಲಿ ಲೋಹಕ್ಕೆ ಒಳ್ಳೆಯದಲ್ಲ. ರೇಷ್ಮೆ ರಿಬ್ಬನ್ ಇದೇ ಡಬ್ಬಿಯಲ್ಲಿ ಬೇಡ. ತೀರಾ ಒಣಗಿದರೆ ಮಡಿಕೆಯಲ್ಲಿ ಮುರಿಯುತ್ತದೆ. ಟಿಶ್ಯೂವಿನ ಸುರುಳಿಯ ಮೇಲೆ ಸುತ್ತಿ ಬೇರೆ ಇಡಿ. ತೊಳೆಯಬೇಡಿ, ಕಾಮನಬಿಲ್ಲಿನ ಅಷ್ಟೂ ಬಣ್ಣ ಒಂದಕ್ಕೊಂದು ಹರಿದು ಕೆಸರಾಗುತ್ತದೆ.

ಫ್ರೇಮಿನ ಬಗ್ಗೆ. ಹಾಕಿಸಲೇಬೇಕಾದರೆ ಹೊಸ ರಿಬ್ಬನ್ ಕೊಂಡು ಹಾಕಿ, ಹಳೆಯದನ್ನು ಎತ್ತಿಡಿ. ಬ್ರಿಟಿಷ್ ವಾರ್ ಮೆಡಲಿಗೆ 32 ಮಿ.ಮೀ., ವಿಕ್ಟರಿಗೆ 39 ಮಿ.ಮೀ. ಅಗಲ. ಒಂದೇ ಅಳತೆ ಎಂದು ಎರಡಕ್ಕೂ 32 ತರಿಸಿ ಪೇಚಾಡುವವರು ಬಹಳ. ಹಿಂದಿನ ಹಲಗೆ ಆಮ್ಲರಹಿತ ಬೋರ್ಡ್ ಆಗಿರಲಿ, ಪದಕವನ್ನು ಹತ್ತಿ ದಾರದ ಕುಣಿಕೆಯಿಂದ ಬೋರ್ಡಿಗೆ ಹೊಲಿಯಿರಿ. ಫೆವಿಕಾಲ್, ಡಬಲ್ ಸೈಡ್ ಟೇಪು, ಗ್ಲೂ ಗನ್ ಬೇಡ. ಗಾಜು ಪದಕಕ್ಕೆ ತಗಲಬಾರದು, ನಡುವೆ ಅಂತರದ ಪಟ್ಟಿ ಇರಲಿ. ಮಳೆ ಹೊಡೆಯುವ ಹೊರಗೋಡೆಗೆ, ಬಚ್ಚಲಿನ ಗೋಡೆಗೆ, ದೇವರಮನೆಯ ಹೊಗೆಗೆ ಹತ್ತಿರ ತೂಗುಹಾಕಬೇಡಿ. ನನ್ನ ಅಭಿಪ್ರಾಯ ಕೇಳಿದರೆ ಗೋಡೆಗೆ ದೊಡ್ಡ ಫೋಟೊ, ಡಬ್ಬಿಗೆ ಪದಕ.

ತಗಡಿನ_ಟ್ರಂಕು:
ಎಲ್ಲರಿಗೂ ಧನ್ಯವಾದ. ಓರೆ ಬೆಳಕಿನ ಫೋಟೊಗಳಲ್ಲಿ ಎಲ್ ಸ್ಪಷ್ಟ ಇದೆ, ಕೊನೆಯಲ್ಲಿ ಎಸ್. ನಡುವೆ ಎರಡು ಅಕ್ಷರ ಅಷ್ಟು ಖಚಿತವಿಲ್ಲ. ಹುದ್ದೆ ದಫೇದಾರ ಎಂಬುದರ ಸಂಕ್ಷೇಪ. ಆದರೆ ಬೆಳ್ಳಿ ಪದಕದ ಮೇಲಿನ ಅಡ್ಡ ಕೊಂಡಿ ಸ್ವಲ್ಪ ಅಲ್ಲಾಡುತ್ತದೆ. ಇದು ನಕಲಿಯ ಲಕ್ಷಣವೇ? ಬೆಳ್ಳಿ ಹೌದೋ ಅಲ್ಲವೋ ಅಂಗಡಿಯಲ್ಲಿ ಉಜ್ಜಿಸದೆ ತಿಳಿಯುವ ದಾರಿ ಇದೆಯೇ?

ಅಂಚಿನಕ್ಷರ:
ಎಲ್ ಬಂತು, ಲ್ಯಾನ್ಸರ್ಸ್ ಆಯಿತು.

ಈ ಪದಕದ ಕೊಂಡಿ ತಿರುಗುವ ಜಾತಿಯದಲ್ಲ, ನೇರವಾಗಿ ಬಿಗಿದು ಕೂತಿರಬೇಕು. ಅಲ್ಲಾಡುತ್ತದೆ ಅಂದರೆ ಬೆಸುಗೆ ಸಡಿಲವಾಗಿದೆ, ಅಥವಾ ಯಾವಾಗಲೋ ಮುರಿದು ಮತ್ತೆ ಹಾಕಿಸಿದ್ದಾರೆ. ನಕಲಿಗೆ ಅದೊಂದೇ ಸಾಕ್ಷಿ ಸಾಲದು. ಭೂತಗನ್ನಡಿಯಲ್ಲಿ ಬುಡ ನೋಡಿ: ಬೂದು ಬಣ್ಣದ ಸೀಸದ ಮುದ್ದೆ ಕಂಡರೆ ರಿಪೇರಿ. ಹಿಂಬದಿಯಲ್ಲಿ ಎರಡು ಬೆಸುಗೆ ಚುಕ್ಕೆ ಇದ್ದರೆ ನಡುವೆ ಯಾರೋ ಅದನ್ನು ಬ್ರೂಚ್ ಮಾಡಿ ತೊಟ್ಟಿದ್ದಾರೆ. ರಿಪೇರಿ ಮಾಡಿಸಬೇಡಿ, ಕೊಂಡಿಯ ಮೇಲೆ ಭಾರ ಬೀಳದಂತೆ ಮಲಗಿಸಿಡಿ.

ಬೆಳ್ಳಿ ಪರೀಕ್ಷೆಗೆ 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಪದಕವನ್ನು ತೂಗಿ ಬರೆದುಕೊಳ್ಳಿ. ತಕ್ಕಡಿಯ ಮೇಲೆ ಡಿಸ್ಟಿಲ್ಡ್ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ತೆಳ್ಳನೆ ದಾರದಲ್ಲಿ ಪದಕ ಕಟ್ಟಿ, ತಳಕ್ಕೂ ಬದಿಗೂ ತಗಲದಂತೆ ನೀರಿನಲ್ಲಿ ಪೂರ್ತಿ ಇಳಿಬಿಡಿ. ಈಗ ತಕ್ಕಡಿ ತೋರಿಸುವ ಗ್ರಾಂ ಅಂದರೆ ಪದಕದ ಗಾತ್ರ, ಘನ ಸೆಂಟಿಮೀಟರ್ ಲೆಕ್ಕದಲ್ಲಿ. ಮೊದಲ ಸಂಖ್ಯೆಯನ್ನು ಇದರಿಂದ ಭಾಗಿಸಿ. ಸ್ಟರ್ಲಿಂಗ್ ಬೆಳ್ಳಿ ಆದರೆ 10.3 ಆಸುಪಾಸು, ತಾಮ್ರ–ನಿಕಲ್ ಆದರೆ 8.9, ಹಿತ್ತಾಳೆಗೆ ಬೆಳ್ಳಿ ನೀರು ಕೊಟ್ಟಿದ್ದರೆ ಸುಮಾರು 8.5. ಅಂಟಿರುವ ಗಾಳಿ ಗುಳ್ಳೆಗಳನ್ನು ಬ್ರಷ್ಷಿನಿಂದ ಬಿಡಿಸದಿದ್ದರೆ ಉತ್ತರ ಕಡಿಮೆ ಬರುತ್ತದೆ. ಅಸಿಟೋನ್ ಕೆಲಸ ಮುಗಿದ ಮೇಲೆ ಇದನ್ನು ಮಾಡಿ, ಕೂಡಲೇ ಒಣಗಿಸಿ.

ಇದಾದ ಮೇಲೂ ಒಂದು ಮೋಸ ಉಳಿಯುತ್ತದೆ: ಪದಕ ಅಸಲಿ, ಹೆಸರು ನಕಲಿ. ಬೇರೆ ಯಾರದೋ ಹೆಸರು ಅರದಿಂದ ಉಜ್ಜಿ ಬೇಡಿಕೆಯಿರುವ ದಳದ ಹೆಸರು ಹಾಕುತ್ತಾರೆ. ಪ್ಲಾಸ್ಟಿಕ್ ಕ್ಯಾಲಿಪರ್‌ನಿಂದ ಅಗಲವನ್ನು ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. ಒಂದು ದಿಕ್ಕಿನಲ್ಲಿ 36, ಇನ್ನೊಂದರಲ್ಲಿ 35.6 ಬಂದರೆ ಅಂಚು ಸವೆಸಿದ್ದಾರೆ. ಎರಕದ ನಕಲಿಯಾದರೆ ಲೋಹ ಆರುವಾಗ ಕುಗ್ಗುವುದರಿಂದ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಕಡಿಮೆ, ಮೇಲ್ಮೈ ತುಂಬ ಮೊಡವೆಯಂಥ ಸಣ್ಣ ಗುಳ್ಳೆ. ನಿಮ್ಮ ಎರಡೂ ಪದಕಗಳಲ್ಲಿ ಸಂಖ್ಯೆ, ಹುದ್ದೆ, ಹೆಸರು, ದಳ ಅಕ್ಷರ ಅಕ್ಷರ ಹೊಂದುತ್ತವೆಯೇ ಎಂದು ನೋಡಿ, ಅದೇ ದೊಡ್ಡ ಸಾಕ್ಷಿ.

ಬರ್ಮಾ ಸ್ಟಾರಿನ ಹಿಂಬದಿಯನ್ನೂ ತಿರುಗಿಸಿ. ಬ್ರಿಟನ್ನಿನ ಸೈನಿಕರಿಗೆ ಎರಡನೇ ಯುದ್ಧದ ನಕ್ಷತ್ರಗಳನ್ನು ಹೆಸರಿಲ್ಲದೆ ಕೊಟ್ಟರು, ಭಾರತೀಯರ ನಕ್ಷತ್ರಗಳಲ್ಲಿ ಹೆಸರು ಒತ್ತಿದ್ದು ಸಾಮಾನ್ಯ. ಸಿಂಹದ ಪದಕದ ಅಂಚನ್ನೂ ನೋಡಿ.

ತಗಡಿನ_ಟ್ರಂಕು:
ಗಾಳಿಯಲ್ಲಿ 32.4, ನೀರಿನಲ್ಲಿ 3.14. ಭಾಗಿಸಿದರೆ 10.32. ಅಗಲ ನಾಲ್ಕೂ ಕಡೆ ಸಮ. ಎರಡು ಪದಕದ ಸಂಖ್ಯೆ ಒಂದೇ, ಆದರೆ ಹೆಸರಿನ ಕಾಗುಣಿತದಲ್ಲಿ ಒಂದು ಅಕ್ಷರ ವ್ಯತ್ಯಾಸ. ನಕ್ಷತ್ರದ ಹಿಂದೆ ಬೇರೆ ಹೆಸರು, ಬೇರೆ ದಳ: "ಕ್ಯೂ.ವಿ.ಓ." ಮತ್ತು "ಎಸ್. & ಎಂ." ಎಂದು ಕಾಣುತ್ತದೆ.

ಕಡತ_ಧೂಳು:
ಕ್ಯೂ.ವಿ.ಓ. ಎಸ್. & ಎಂ. ಅಂದರೆ ಕ್ವೀನ್ ವಿಕ್ಟೋರಿಯಾಸ್ ಓನ್ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್, ಸೈನ್ಯದ ಎಂಜಿನಿಯರ್ ದಳ. ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿ. ಅಂದರೆ ಇಬ್ಬರ ದಾಖಲೆ ಎರಡು ಕಡೆ ಹುಡುಕಬೇಕು. ಸ್ಯಾಪರ್‌ನದಕ್ಕೆ ಎಂಇಜಿ ದಾಖಲಾತಿ ಕಚೇರಿಗೆ ಸಂಖ್ಯೆ, ಹೆಸರು, ಹುದ್ದೆ, ನಿಮ್ಮ ಸಂಬಂಧ ಬರೆದು ಅರ್ಜಿ ಹಾಕಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋದರೆ ಅರ್ಜಿ ಸರಿಯಾದ ಮೇಜಿಗೆ ಬೇಗ ತಲುಪುತ್ತದೆ. ಸಂಖ್ಯೆ ಇಲ್ಲದ ಅರ್ಜಿಯಿಂದ ಏನೂ ಸಿಗುವುದಿಲ್ಲ.

ಲ್ಯಾನ್ಸರ್ಸ್ ದಾಖಲೆ ಅಲ್ಲಿ ಹುಡುಕಬೇಡಿ. ಅವರು ಸಂಬಳ ಪಡೆದದ್ದು ಮೈಸೂರು ಸಂಸ್ಥಾನದಿಂದ, ಹಾಗಾಗಿ ಮೊದಲು ನೋಡಬೇಕಾದ್ದು ಕರ್ನಾಟಕ ರಾಜ್ಯ ಪತ್ರಾಗಾರ. ಕೇಂದ್ರ ಕಚೇರಿ ವಿಧಾನಸೌಧದಲ್ಲಿ, ಮೈಸೂರಿನಲ್ಲಿ ವಿಭಾಗೀಯ ಕಚೇರಿ. ಸೈನ್ಯಕ್ಕೆ ಸಂಬಂಧಿಸಿದ ಕಡತಗಳ ಸೂಚಿ ಕೇಳಿ, 1914ರಿಂದ 1920ರ ಅವಧಿ ಹೇಳಿ. ಹೆಸರು ಹೇಳಿ "ಇವರ ಕಡತ ಕೊಡಿ" ಎಂದರೆ ಸಿಗುವುದಿಲ್ಲ. ಪಿಂಚಣಿ, ಇನಾಮು ಜಮೀನು, ಬಹುಮಾನ, ಕುಟುಂಬಕ್ಕೆ ಕಳಿಸಿದ ಸಂಬಳದ ಪಾಲು, ಈ ವಿಷಯಗಳ ಕಡತದಲ್ಲಿ ಹೆಸರುಗಳ ಪಟ್ಟಿ ಸಿಕ್ಕುವ ಸಂಭವ ಹೆಚ್ಚು. ಯುದ್ಧದಲ್ಲಿ ತೀರಿಕೊಂಡಿದ್ದರೆ ಮಾತ್ರ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹೆಸರಿರುತ್ತದೆ. ಬದುಕಿ ಬಂದವರ ಹೆಸರು ಅಲ್ಲಿ ಇರುವುದಿಲ್ಲ, ಇಲ್ಲವೆಂದು ಗಾಬರಿ ಬೇಡ.

ಕಾಗುಣಿತದ ವ್ಯತ್ಯಾಸ ಸಹಜ, ಅನುಮಾನ ಬೇಡ. ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ ಕಾಲ. ಅರಸು ಎಂಬುದೇ ಅರಸ್, ಅರ್ಸ್, ಉರ್ಸ್ ಎಂದು ಮೂರು ರೂಪದಲ್ಲಿ, ಸೈಯದ್ ನಾಲ್ಕು ರೂಪದಲ್ಲಿ ಬರುತ್ತದೆ. ಹುಡುಕುವಾಗ ಕನಿಷ್ಠ ಐದು ಕಾಗುಣಿತ ಬರೆದಿಟ್ಟುಕೊಂಡು ಹೋಗಿ.

ಲ್ಯಾನ್ಸರ್ಸ್ ಹೈಫಾದ ನಂತರವೂ ನಿಂತಿರಲಿಲ್ಲ. 1918ರ ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಆಚೆಯ ಹರಿತಾನ್‌ನಲ್ಲಿ ಜೋಧಪುರದವರ ಜೊತೆ ಮತ್ತೊಂದು ದಾಳಿ ಮಾಡಿದ್ದಾರೆ. ಎಲ್ಲರೂ ಹೈಫಾ ಒಂದನ್ನೇ ಹಿಡಿದು ಕೂರುವುದರಿಂದ ಆ ದಿನಾಂಕದ ಕಡತಗಳನ್ನು ಯಾರೂ ಕೇಳುವುದೇ ಇಲ್ಲ. ಹರಿತಾನ್ ಹೆಸರನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ಅಂಚಿನಕ್ಷರ:
ಅಮೆರಿಕದ ವಿಚಾರ ಉಳಿದಿತ್ತು. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು ಪುರಾತನ ವಸ್ತು ಎನಿಸಿಕೊಳ್ಳಬಹುದು, ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಕೊರಿಯರ್ ಇರಲಿ, ಸೂಟ್‌ಕೇಸ್ ಇರಲಿ, ವ್ಯತ್ಯಾಸವಿಲ್ಲ. ಮೊದಲ ಯುದ್ಧದ ಜೋಡಿ ಈಗ ಆ ಗಡಿಯಲ್ಲಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಬೆಂಗಳೂರು ವೃತ್ತದ ಕಚೇರಿಯಲ್ಲಿ ವಸ್ತುವನ್ನು ತೋರಿಸಿ, ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಕೊಡುತ್ತಾರೋ ಇಲ್ಲವೋ ಲಿಖಿತವಾಗಿ ತಿಳಿದುಕೊಳ್ಳಿ. ಕೊಡದಿದ್ದರೆ ಅದು ಇಲ್ಲೇ ಇರಬೇಕು. ಬರ್ಮಾ ಸ್ಟಾರಿಗೆ ಇನ್ನೂ ನೂರು ಆಗಿಲ್ಲ, ಆದರೂ ವಿಮಾನ ನಿಲ್ದಾಣದಲ್ಲಿ ಲೋಹದ ಹಳೇ ಪದಕ ಕಂಡರೆ ಪ್ರಶ್ನೆ ಬರುತ್ತದೆ, ಕಾಗದ ಕೈಯಲ್ಲಿರಲಿ.

ಟ್ರಂಕಿನ ತಳ ನೋಡುವಾಗ ಬಯೋನೆಟ್ ಸಿಕ್ಕರೆ ಅದಕ್ಕೆ ಶಸ್ತ್ರಾಸ್ತ್ರ ಕಾಯ್ದೆ ಬೇರೆ, ಅಲ್ಲಿ ಇಲ್ಲಿ ಹೊತ್ತು ತಿರುಗುವ ಮೊದಲು ಠಾಣೆಯಲ್ಲಿ ವಿಚಾರಿಸಿ. ಗುಂಡು, ಗ್ರೆನೇಡಿನಂಥದ್ದೇನಾದರೂ ಕಂಡರೆ ಕೈ ಹಾಕಬೇಡಿ, ಪುಡಿ ತೆಗೆಯಬೇಡಿ, ಅಲ್ಲಾಡಿಸಿ ಪರೀಕ್ಷಿಸಬೇಡಿ. ಮನೆಯವರನ್ನು ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ.

ತಗಡಿನ_ಟ್ರಂಕು:
ತಳದ ಕಾಗದ ಎತ್ತಿದೆ. ಬಯೋನೆಟ್ ಇಲ್ಲ, 1914–15ರ ನಕ್ಷತ್ರವೂ ಇಲ್ಲ. ಒಂದು ಹಿತ್ತಾಳೆ ಗುಂಡಿ ಇದೆ, ಗಂಡಭೇರುಂಡದ್ದು. ಅದನ್ನೂ ಜಿಪ್ ಚೀಲಕ್ಕೆ ಹಾಕಿ ಚೀಟಿ ಬರೆದಿದ್ದೇನೆ. ತಿಕ್ಕಿಲ್ಲ.

ಮಲೆನಾಡ_ಕಪಾಟು:
ಗುಂಡಿಯ ಹಿಂದೆ ತಯಾರಕರ ಹೆಸರು ಒತ್ತಿರುತ್ತದೆ, ಓರೆ ಬೆಳಕಿನಲ್ಲಿ ಅದರ ಫೋಟೊವನ್ನೂ ಹಾಕಿ. ಲ್ಯಾನ್ಸರ್ಸ್ ಪೊಟ್ಟಣಕ್ಕೆ ಈಗಲೇ ಸೇರಿಸಬೇಡಿ, ಬೇರೆ ಚೀಲದಲ್ಲೇ ಇರಲಿ. ಗಂಡಭೇರುಂಡವನ್ನು ಸಂಸ್ಥಾನದ ಬೇರೆ ಇಲಾಖೆಯವರೂ ತೊಡುತ್ತಿದ್ದರು.